ಒಂದೇ ಥರದ ಲೆಕ್ಕ ಸರಿ, ಬೆರೆಸಿ ಕೊಟ್ಟರೆ ತಪ್ಪು. ಮೂರನೇ ಕ್ಲಾಸಿನ ಮಗಳಿಗೆ ಹೇಗೆ ಅಭ್ಯಾಸ ಮಾಡಿಸಲಿ?

ಪ್ರಶ್ನೆ

ನನ್ನ ಮಗಳು ಮೂರನೇ ಕ್ಲಾಸ್. ಲೆಕ್ಕ ಅಂದರೆ ಓಡಿಹೋಗುವ ಹುಡುಗಿ ಅಲ್ಲ. ಕೂಡುವ ಲೆಕ್ಕ ಒಂದು ಪುಟ ಕೊಟ್ಟರೆ ಪಟಪಟ ಮುಗಿಸುತ್ತಾಳೆ. ಗುಣಿಸುವ ಪುಟವೂ ಹಾಗೇ. ಆದರೆ ಟೆಸ್ಟಿನಲ್ಲಿ ಎಲ್ಲ ಬೆರೆಸಿ ಕೊಟ್ಟರೆ ಅರ್ಧಕ್ಕರ್ಧ ತಪ್ಪು. "ಗಮನ ಕೊಡುವುದಿಲ್ಲ, ಮನೆಯಲ್ಲಿ ಅಭ್ಯಾಸ ಮಾಡಿಸಿ" ಎಂದು ಪ್ರತಿ ಸಲ ಬರೆದು ಕಳಿಸುತ್ತಾರೆ. ಮಾಡಿಸುತ್ತಲೇ ಇದ್ದೇನೆ. ದಿನಾ ಸಂಜೆ ಒಂದು ಪುಟ, ರಜೆ ಇದ್ದರೆ ಎರಡು. ಕೊನೆಗೆ ಒಬ್ಬರಾದರೂ ಅಳುತ್ತೇವೆ, ಅವಳೋ ನಾನೋ ಅನ್ನುವುದಷ್ಟೇ ವ್ಯತ್ಯಾಸ.

ಕಳೆದ ಟೆಸ್ಟಿನ ತಪ್ಪುಗಳಲ್ಲಿ ಕೆಲವನ್ನು ಇಲ್ಲಿ ಹಾಕುತ್ತೇನೆ. ಅನುಭವ ಇರುವವರು ನೋಡಿ ಹೇಳಿ.

52 − 27 = 35
71 − 46 = 35
403 − 168 = 365

68 − 25 = 43 ಅಂತ ಸರಿಯಾಗಿ ಬರೆದಿದ್ದಾಳೆ! ಅಂದರೆ ಕಳೆಯುವುದು ಬರುತ್ತದೆ ಅಲ್ವಾ? ಅದಕ್ಕೇ ಇದು ಬರೀ ಅಜಾಗರೂಕತೆ ಅಂತ ನನಗೂ ಅನಿಸಿದ್ದು.

ಆಮೇಲೆ "ಮುನ್ನೂರ ಐದು" ಅಂತ ಹೇಳಿ ಬರೆಸಿದರೆ 3005 ಅಂತ ಬರೆದಿದ್ದಾಳೆ. ಮಗ್ಗಿ ಹತ್ತರವರೆಗೂ ಬಾಯಿಪಾಠ. ಆದರೆ 7 ಎಂಟ್ಲ ಎಷ್ಟು ಅಂತ ಥಟ್ಟನೆ ಕೇಳಿದರೆ ಏಳೊಂದ್ಲ ಏಳರಿಂದ ಶುರು ಮಾಡುತ್ತಾಳೆ.

ಇನ್ನೊಂದು ವಾಕ್ಯದ ಲೆಕ್ಕ: "ಅಕ್ಕನ ಹತ್ತಿರ 12 ಸ್ಟಿಕರ್ ಇವೆ. ಅದು ತಮ್ಮನ ಹತ್ತಿರ ಇರುವುದಕ್ಕಿಂತ 5 ಜಾಸ್ತಿ. ತಮ್ಮನ ಹತ್ತಿರ ಎಷ್ಟಿವೆ?" ಉತ್ತರ 17 ಅಂತ ಬರೆದಿದ್ದಾಳೆ.

ಇನ್ನೂ ಜಾಸ್ತಿ ಪುಟ ಮಾಡಿಸಬೇಕಾ? ಬೇರೆ ಪುಸ್ತಕ ತರಬೇಕಾ? ಮೊಬೈಲ್ ಆಪ್‌ಗಳು ಉಪಯೋಗಕ್ಕೆ ಬರುತ್ತವಾ?

ಉತ್ತರ 1 (ಪ್ರೈಮರಿ ಟೀಚರ್)

ಉತ್ತರಗಳನ್ನು ಹಾಗೇ ಹಾಕಿದ್ದು ತುಂಬಾ ಒಳ್ಳೆಯದಾಯಿತು. ಜಾಸ್ತಿ ಜನ "ಮಗು ಲೆಕ್ಕದಲ್ಲಿ ವೀಕ್" ಅಂತ ಒಂದೇ ಸಾಲು ಬರೆದು ಬಿಡುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ನಾನು ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಕಲಿಸುತ್ತೇನೆ. ಸರಿ ಉತ್ತರಕ್ಕಿಂತ ತಪ್ಪು ಉತ್ತರ ಓದುವುದೇ ನನಗೆ ಇಷ್ಟ. ಸರಿ ಉತ್ತರ ಎಲ್ಲ ಮಕ್ಕಳದ್ದೂ ಒಂದೇ ಥರ ಇರುತ್ತದೆ. ತಪ್ಪಿನಲ್ಲೇ ಮಗು ಕಾಣುವುದು.

ಮೊದಲು ಕಳೆಯುವ ಲೆಕ್ಕ ನೋಡಿ. 52 − 27ರಲ್ಲಿ ಬಿಡಿ ಸ್ಥಾನದಲ್ಲಿ 2 ಮತ್ತು 7 ಇವೆ. ಅವಳು 7ರಿಂದ 2 ಕಳೆದು 5 ಬರೆದಿದ್ದಾಳೆ. ಹತ್ತರ ಸ್ಥಾನದಲ್ಲಿ 5ರಿಂದ 2 ಕಳೆದು 3. ಆಯಿತು 35. ಈಗ 71 − 46 ನೋಡಿ. 6ರಿಂದ 1 ಹೋದರೆ 5, 7ರಿಂದ 4 ಹೋದರೆ 3. ಮತ್ತೆ 35. 403 − 168ರಲ್ಲೂ ಅದೇ: 8ರಿಂದ 3, 6ರಿಂದ 0, 4ರಿಂದ 1. ಮೂರೂ ಲೆಕ್ಕಕ್ಕೆ ಅವಳ ನಿಯಮ ಒಂದೇ. ಮೇಲಿದೆಯೋ ಕೆಳಗಿದೆಯೋ ನೋಡಬೇಡ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆ. 68 − 25ರಲ್ಲಿ ಮೇಲಿನ ಅಂಕಿಗಳೇ ದೊಡ್ಡವು, ಹಾಗಾಗಿ ಅದೇ ನಿಯಮದಿಂದ ಸರಿ ಉತ್ತರ ಬಂತು.

ಅಜಾಗರೂಕತೆಯಾಗಿದ್ದರೆ ಒಂದೊಂದು ಲೆಕ್ಕ ಒಂದೊಂದು ಥರ ತಪ್ಪಬೇಕಿತ್ತು. ಇವಳು ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾಳೆ, ನಿಯಮವೇ ತಪ್ಪು ಅಷ್ಟೇ. ಇದು ನಿಮ್ಮ ಮಗಳೊಬ್ಬಳ ಕಥೆಯೂ ಅಲ್ಲ. 1978ರಲ್ಲೇ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಸಂಶೋಧಕರು ಮಕ್ಕಳ ಇಂಥ ತಪ್ಪುಗಳನ್ನು ಕಂಪ್ಯೂಟರ್ ಪ್ರೋಗ್ರಾಂನ ದೋಷಗಳ ಥರ ಪಟ್ಟಿ ಮಾಡಿ, ಯಾವ ತಪ್ಪು ಯಾವ ನಿಯಮದಿಂದ ಹುಟ್ಟುತ್ತದೆ ಅಂತ ತೋರಿಸಿದ್ದರು.

ಈ ನಿಯಮ ಬಂದದ್ದು ಎಲ್ಲಿಂದ? ಬಹಳ ಸಲ ನಮ್ಮಿಂದಲೇ. ಒಂದನೇ ಕ್ಲಾಸಿನಲ್ಲಿ "ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು" ಅಂತ ದೊಡ್ಡವರು ಹೇಳಿಕೊಡುತ್ತಾರೆ. ಮಗು ಅದನ್ನು ನಂಬುತ್ತದೆ, ಪ್ರತಿ ಸ್ಥಾನಕ್ಕೂ ಹಾಕುತ್ತದೆ. ಈಗ ಇದರ ಮೇಲೆ ದಿನಾ ಒಂದು ಪುಟ ಮಾಡಿಸಿದರೆ ಏನಾಗುತ್ತದೆ ಹೇಳಿ. ತಪ್ಪು ನಿಯಮವೇ ಗಟ್ಟಿಯಾಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಬೇಡ, ಸದ್ಯಕ್ಕೆ ಪುಟ ನಿಲ್ಲಿಸಿ. ಹೊಸ ಪುಸ್ತಕವೂ ಬೇಡ.

ಅದರ ಬದಲು ಹೀಗೆ ಮಾಡಿ. ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ. ಕಟ್ಟುವ ಕೆಲಸ ಅವಳೇ ಮಾಡಲಿ, ಎಣಿಸಿಕೊಂಡು. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದೆ ಇಡಿ. "ನನಗೆ 27 ಕೊಡು" ಅನ್ನಿ. ಎರಡು ಕಟ್ಟು ಸುಲಭವಾಗಿ ಕೊಡುತ್ತಾಳೆ. ಆಮೇಲೆ ಏಳು ಬಿಡಿ ಬೇಕು, ಇರುವುದು ಎರಡೇ. ಇಲ್ಲಿ ನೀವು ಬಾಯಿ ಮುಚ್ಚಿಕೊಂಡಿರಬೇಕು. ಇದೇ ಕಷ್ಟದ ಭಾಗ, ಮಗುವಿಗಲ್ಲ, ನಮಗೆ! ಕೈ ತಾನಾಗಿ ಕಟ್ಟಿನ ಕಡೆ ಹೋಗುತ್ತದೆ. ತಡೆದುಕೊಳ್ಳಿ. ಸ್ವಲ್ಪ ಹೊತ್ತು ಕಡ್ಡಿ ನೋಡುತ್ತಾಳೆ, ನಿಮ್ಮ ಮುಖ ನೋಡುತ್ತಾಳೆ, ಆಮೇಲೆ "ಒಂದು ಕಟ್ಟು ಬಿಚ್ಚಲಾ?" ಅಂತ ಕೇಳುತ್ತಾಳೆ. ಬಿಚ್ಚಿದರೆ ಎರಡು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟ ಮೇಲೆ ಉಳಿಯುವುದು ಎರಡು ಕಟ್ಟು, ಐದು ಬಿಡಿ. 25. ಅವಳು ಬರೆದ 35ರ ಪಕ್ಕ ಇದನ್ನು ಇಟ್ಟು "ಇವೆರಡರಲ್ಲಿ ಯಾವುದು?" ಅಂತ ಮಾತ್ರ ಕೇಳಿ. ವಾದ ಅವಳೇ ಮಾಡಲಿ.

ಸಾಲ ತೆಗೆದುಕೊಳ್ಳುವುದು ಅಂತ ನಾವು ಕಲಿಸುವುದು ಈ ಕಟ್ಟು ಬಿಚ್ಚುವುದನ್ನೇ. ಆದರೆ ಕಾಗದದ ಮೇಲೆ ಬರೀ ಗೀಟು ಹಾಕಿ ಪಕ್ಕದಲ್ಲಿ ಒಂದು ಬರೆಯುವುದು ಅಂತ ಆಗಿಬಿಟ್ಟಿದೆ. ಕಡ್ಡಿಯಲ್ಲಿ ಬಂದ ಮೇಲೆ ಕಡ್ಡಿ ಬಿಟ್ಟು ಚಿತ್ರಕ್ಕೆ ಬನ್ನಿ: ನೂರಕ್ಕೆ ಒಂದು ಚೌಕ, ಹತ್ತಕ್ಕೆ ಒಂದು ಗೆರೆ, ಒಂದಕ್ಕೆ ಒಂದು ಚುಕ್ಕೆ. 403 ಅಂದರೆ ನಾಲ್ಕು ಚೌಕ, ಗೆರೆ ಒಂದೂ ಇಲ್ಲ, ಮೂರು ಚುಕ್ಕೆ. ಎಂಟು ಚುಕ್ಕೆ ಬೇಕು. ಒಡೆಯಲು ಗೆರೆಯೇ ಇಲ್ಲ. ಹಾಗಾಗಿ ಒಂದು ಚೌಕ ಒಡೆದು ಹತ್ತು ಗೆರೆ, ಅದರಲ್ಲಿ ಒಂದು ಗೆರೆ ಒಡೆದು ಹತ್ತು ಚುಕ್ಕೆ. ಈಗ ಮೂರು ಚೌಕ, ಒಂಬತ್ತು ಗೆರೆ, ಹದಿಮೂರು ಚುಕ್ಕೆ. 168 ಅಳಿಸಿದರೆ ಉಳಿಯುವುದು 235. ನಡುವೆ ಸೊನ್ನೆ ಇರುವ ಲೆಕ್ಕ ಮಕ್ಕಳಿಗೆ ಯಾಕೆ ಕಷ್ಟ ಅನ್ನುವುದು ಈ ಚಿತ್ರ ಬರೆದರೆ ನಿಮಗೇ ಗೊತ್ತಾಗುತ್ತದೆ. ಎರಡು ಸಲ ಒಡೆಯಬೇಕು, ಅದೂ ದೂರದಿಂದ ಶುರು ಮಾಡಿ.

3005ರ ಸಮಸ್ಯೆಯೂ ಇದರ ಅಣ್ಣತಮ್ಮನೇ. ಅವಳು ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದಾಳೆ, ಮುನ್ನೂರು ಅಂದಾಗ 300, ಐದು ಅಂದಾಗ 5. ರಟ್ಟಿನಲ್ಲಿ ಮೂರು ಅಳತೆಯ ಕಾರ್ಡ್ ಕತ್ತರಿಸಿ. ನೂರರದ್ದು ಉದ್ದ, ಹತ್ತರದ್ದು ಅದಕ್ಕಿಂತ ಗಿಡ್ಡ, ಬಿಡಿಯದ್ದು ಇನ್ನೂ ಗಿಡ್ಡ. 300 ಬರೆದ ಕಾರ್ಡಿನ ಬಲತುದಿಯ ಸೊನ್ನೆ ಮೇಲೆ 5ರ ಕಾರ್ಡ್ ಇಟ್ಟರೆ 305 ಕಾಣುತ್ತದೆ. 5ನ್ನು ಎತ್ತಿದರೆ ಕೆಳಗೆ ಸೊನ್ನೆ ಕೂತಿರುತ್ತದೆ. ನಡುವೆ 40ರ ಕಾರ್ಡ್ ಸೇರಿಸಿದರೆ 345. ಮಕ್ಕಳು ಇದನ್ನು ಎತ್ತಿ ಎತ್ತಿ ನೋಡುತ್ತಾರೆ. ನಾನು ವಿವರಿಸುವುದಕ್ಕಿಂತ ಆ ಎತ್ತಿ ನೋಡುವುದೇ ಜಾಸ್ತಿ ಕಲಿಸುತ್ತದೆ.

ಮಗ್ಗಿಯ ವಿಷಯ. ಅವಳಿಗೆ ಬರುವುದು ಮಗ್ಗಿಯ ಹಾಡು. ಮೆಟ್ಟಿಲಿನ ಥರ ಕೆಳಗಿನಿಂದಲೇ ಹತ್ತಬೇಕು, ನಡುವೆ ಕಾಲಿಡಲು ಬರುವುದಿಲ್ಲ. ಹತ್ತರವರೆಗಿನ ಮಗ್ಗಿಯಲ್ಲಿ 100 ಗುಣಾಕಾರಗಳಿವೆ, ಕೇಳಿದರೇ ಸುಸ್ತು. ಆದರೆ 3×8, 8×3 ಒಂದೇ ಅಂತ ಗೊತ್ತಾದರೆ 55 ಉಳಿಯುತ್ತವೆ. ಒಂದು, ಎರಡು, ಐದು, ಹತ್ತರ ಮಗ್ಗಿ ಎಲ್ಲ ಮಕ್ಕಳಿಗೂ ಸುಲಭ, ಅವನ್ನು ತೆಗೆಯಿರಿ. 21 ಉಳಿದವು. ಒಂಬತ್ತರದ್ದು ಹತ್ತರದ್ದರಿಂದ ಬರುತ್ತದೆ: 9×7 ಅಂದರೆ 70ರಿಂದ ಒಂದು 7 ತೆಗೆದರೆ 63. ಅದನ್ನೂ ತೆಗೆದರೆ 15. ನಾಲ್ಕರದ್ದು ಅಂದರೆ ಎರಡು ಸಲ ಇಮ್ಮಡಿ, 7, 14, 28. ಅದನ್ನೂ ತೆಗೆಯಿರಿ. ಉಳಿದದ್ದು ಬರೀ 10: 3×3, 3×6, 3×7, 3×8, 6×6, 6×7, 6×8, 7×7, 7×8, 8×8. ಇವಿಷ್ಟೇ ನಿಜವಾಗಿ ನೆನಪಿಡಬೇಕಾದವು.

ಈ ಹತ್ತಕ್ಕೆ ಹತ್ತು ಚೀಟಿ ಮಾಡಿ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಗೊತ್ತಿರುವ ಚೀಟಿಗಳ ನಡುವೆ ಗೊತ್ತಿಲ್ಲದ್ದು ಎರಡೋ ಮೂರೋ ಇರಲಿ, ಅದಕ್ಕಿಂತ ಜಾಸ್ತಿ ಬೇಡ. 7×8 ಬರದಿದ್ದರೆ ಉತ್ತರ ಹೇಳಿಬಿಡಬೇಡಿ. ಚುಕ್ಕೆಗಳಲ್ಲಿ ಏಳು ಸಾಲು ಬರೆಸಿ, ಸಾಲಿಗೆ ಎಂಟು. ಐದನೇ ಸಾಲಿನ ಕೆಳಗೆ ಒಂದು ಗೆರೆ ಎಳೆಸಿ. ಮೇಲೆ ಐದೆಂಟ್ಲ ನಲವತ್ತು, ಕೆಳಗೆ ಎರಡೆಂಟ್ಲ ಹದಿನಾರು, ಒಟ್ಟು ಐವತ್ತಾರು. ಮರೆತರೂ ಈ ದಾರಿಯಲ್ಲಿ ವಾಪಸ್ ಬರಬಹುದು ಅಂತ ಗೊತ್ತಿರುವ ಮಗುವಿಗೆ ಮರೆಯುವ ಭಯ ಇರುವುದಿಲ್ಲ.

ಇನ್ನು ಸ್ಟಿಕರ್ ಲೆಕ್ಕ. "ಜಾಸ್ತಿ" ಅಂದರೆ ಕೂಡು, "ಉಳಿದದ್ದು" ಅಂದರೆ ಕಳೆ ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ದಯವಿಟ್ಟು ಆ ಪಟ್ಟಿಯನ್ನು ಮನೆಯಲ್ಲೂ ಹೇಳಿಕೊಡಬೇಡಿ. ಆ ಪಟ್ಟಿ ಇದ್ದರೆ ಮಗು ಓದುವುದನ್ನೇ ಬಿಡುತ್ತದೆ, ಅಂಕಿ ಎಲ್ಲಿವೆ ಅಂತ ಮಾತ್ರ ಹುಡುಕುತ್ತದೆ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಚಿಕ್ಕ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? ಜಾಸ್ತಿ ಮಕ್ಕಳು ಇರುವ ಅಂಕಿಗಳನ್ನೇ ಸೇರಿಸಿ ಒಂದು ವಯಸ್ಸು ಹೇಳಿಬಿಟ್ಟರು! ನಗು ಬರುತ್ತದೆ. ಆದರೆ ಶಾಲೆಯಲ್ಲಿ ಕೊಟ್ಟ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ, ಅಂಕಿಗಳನ್ನು ಏನಾದರೂ ಮಾಡಬೇಕು ಅಂತ ಮಕ್ಕಳಿಗೆ ಕಲಿಸಿದ್ದು ಯಾರು?

ಮನೆಯಲ್ಲಿ ಒಮ್ಮೆ ಅಂಕಿಗಳನ್ನೇ ತೆಗೆದು ಲೆಕ್ಕ ಹೇಳಿ ನೋಡಿ. "ಅಕ್ಕನ ಹತ್ತಿರ ಒಂದಷ್ಟು ಸ್ಟಿಕರ್ ಇವೆ. ಅದು ತಮ್ಮನದ್ದಕ್ಕಿಂತ ಜಾಸ್ತಿ. ಯಾರ ಹತ್ತಿರ ಕಡಿಮೆ?" ಆಮೇಲೆ ಸ್ಕೇಲಿನ ಥರ ಎರಡು ಪಟ್ಟಿಯ ಚಿತ್ರ ಬರೆಸಿ, ಒಂದು ಉದ್ದ ಒಂದು ಗಿಡ್ಡ. ಯಾವುದು ಅಕ್ಕನದ್ದು ಅಂತ ಹೆಸರು ಹಾಕಲಿ. ಕೊನೆಗೆ 12 ಮತ್ತು 5 ಎಲ್ಲಿ ಬರೆಯಬೇಕು ಅಂತ ಕೇಳಿ. ಉದ್ದದ ಪಟ್ಟಿಯ ಮೇಲೆ 12 ಬರೆದ ಮಗು 17 ಅಂತ ಹೇಳುವುದು ಕಷ್ಟ.

ಒಂದು ಪುಟದಲ್ಲಿ ಸರಿ, ಬೆರೆಸಿದರೆ ತಪ್ಪು ಅಂದಿರಲ್ಲ, ಅದಕ್ಕೆ ಕಾರಣ ಆ ಪುಟವೇ. ಇಪ್ಪತ್ತೂ ಕೂಡುವ ಲೆಕ್ಕವಾದರೆ ಮಗು ಚಿಹ್ನೆ ನೋಡಬೇಕಾಗಿಲ್ಲ, ಏನು ಮಾಡಬೇಕು ಅಂತ ಯೋಚಿಸಬೇಕಾಗಿಲ್ಲ. ಟೆಸ್ಟಿನಲ್ಲಿ ಬೇಕಾಗುವುದು ಆ ಯೋಚನೆಯೇ. 2010ರಲ್ಲಿ ಟೇಲರ್ ಮತ್ತು ರೋರರ್ ಎಂಬ ಸಂಶೋಧಕರು ನಾಲ್ಕನೇ ಕ್ಲಾಸಿನ ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಅಭ್ಯಾಸ ಮಾಡುವಾಗ ಒಂದೇ ಥರದ ಲೆಕ್ಕ ಸಾಲಾಗಿ ಮಾಡಿದವರೇ ಮುಂದಿದ್ದರು. ಮರುದಿನದ ಟೆಸ್ಟಿನಲ್ಲಿ ಬೆರೆಸಿ ಮಾಡಿದವರ ಅಂಕ ಅವರ ಎರಡರಷ್ಟಿತ್ತು. ಹಾಗಾಗಿ ಪುಟ ಮತ್ತೆ ಶುರು ಮಾಡುವಾಗ ಆರೇ ಲೆಕ್ಕ ಕೊಡಿ, ಆದರೆ ಎಲ್ಲ ಬೆರೆಸಿ. ನಿನ್ನೆಯದ್ದು ಎರಡು, ಹೋದ ವಾರದ್ದು ಎರಡು, ಹೋದ ತಿಂಗಳದ್ದು ಎರಡು. ಮೊದಮೊದಲು ತಪ್ಪು ಜಾಸ್ತಿ ಆಗುತ್ತದೆ, ಗಾಬರಿ ಬೀಳಬೇಡಿ.

ಎಲ್ಲದಕ್ಕಿಂತ ಮೊದಲು ಒಂದು ಕೆಲಸ: ಈ ತಪ್ಪುಗಳ ಬಗ್ಗೆ ಅವಳನ್ನೇ ಕೇಳಿ. "ಯಾಕೆ ತಪ್ಪಾಯಿತು?" ಅಂತ ಅಲ್ಲ. "ಇದನ್ನು ಹೇಗೆ ಮಾಡಿದೆ, ನನಗೂ ಹೇಳಿಕೊಡು" ಅಂತ. ಸರಿ ಇರುವ ಒಂದು ಲೆಕ್ಕದ ಬಗ್ಗೆಯೂ ಕೇಳಿ, ಇಲ್ಲದಿದ್ದರೆ ಅಮ್ಮ ಕೇಳಿದರೆ ತಪ್ಪು ಅಂತಲೇ ಅರ್ಥ ಎಂದು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾಳೆ.

ಉತ್ತರ 2

ಮೇಲಿನವರು ಎಲ್ಲ ಹೇಳಿದ್ದಾರೆ. ನಾನು ಆಟದ ಪಾರ್ಟಿ, ಅದಷ್ಟೇ ಸೇರಿಸುತ್ತೇನೆ.

ನನ್ನ ಮಗನಿಗೆ ಪುಸ್ತಕ ತೆರೆದರೆ ಹೊಟ್ಟೆನೋವು. ದಾಳ ತೆಗೆದರೆ ಇಲ್ಲ. ನಮ್ಮ ಆಟ ಇದು: ಇಬ್ಬರೂ ಮೂರು ಮೂರು ಚೌಕ ಬರೆದುಕೊಳ್ಳುತ್ತೇವೆ, ನೂರು, ಹತ್ತು, ಬಿಡಿ. ದಾಳ ಹಾಕಿ ಬಂದ ಅಂಕಿಯನ್ನು ಆಗಲೇ ಯಾವುದೋ ಒಂದು ಚೌಕದಲ್ಲಿ ಬರೆಯಬೇಕು, ಆಮೇಲೆ ಬದಲಿಸುವಂತಿಲ್ಲ. ದೊಡ್ಡ ಸಂಖ್ಯೆ ಬಂದವರು ಗೆದ್ದರು. ಮೊದಲ ಸಲ 4 ಬಿದ್ದರೆ ನೂರರಲ್ಲಿ ಹಾಕುವುದಾ, 6 ಬರಬಹುದು ಅಂತ ಕಾಯುವುದಾ? ಅವನು ಹಲ್ಲು ಕಚ್ಚಿಕೊಂಡು ಯೋಚನೆ ಮಾಡುವುದನ್ನು ನೋಡಬೇಕು. ಯಾವ ಸ್ಥಾನದ ಬೆಲೆ ಎಷ್ಟು ಅಂತ ಹೇಳಿಕೊಡುವ ಅಗತ್ಯವೇ ಬರಲಿಲ್ಲ. ಸೋತರೆ ತಾನೇ ಕಲಿಯುತ್ತಾನೆ. ನಂತರ "ಎಷ್ಟರಿಂದ ಗೆದ್ದೆ?" ಅಂತ ಕೇಳಿದರೆ ಕಳೆಯುವ ಲೆಕ್ಕವೂ ಆಯಿತು.

ಚಿಕ್ಕ ಮಕ್ಕಳಿದ್ದರೆ ಹಾವು ಏಣಿ ಸಾಕು. ಒಂದೇ ವಿಷಯ, ಕಾಯಿ ನಡೆಸುವಾಗ "ಒಂದು, ಎರಡು, ಮೂರು" ಅಂತ ಎಣಿಸಬಾರದು. 17ರಲ್ಲಿದ್ದರೆ "ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು" ಅಂತ ಮನೆಯ ಸಂಖ್ಯೆಯನ್ನೇ ಹೇಳಬೇಕು. ಲಾಸ್ಕಿ ಮತ್ತು ಸೀಗ್ಲರ್ ಎಂಬ ಸಂಶೋಧಕರು 2014ರಲ್ಲಿ ಇಂಥದ್ದೇ 0ಯಿಂದ 100ರವರೆಗಿನ ಆಟದಲ್ಲಿ ನೋಡಿದ್ದು ಇದನ್ನೇ. ಮನೆಯ ಸಂಖ್ಯೆ ಹೇಳಿಕೊಂಡು ಆಡಿದ ಮಕ್ಕಳೇ ಜಾಸ್ತಿ ಕಲಿತರು.

ಉತ್ತರ 3

ಎಲ್ಲ ಚೆನ್ನಾಗಿದೆ. ಆದರೆ ಕಡ್ಡಿ, ಚುಕ್ಕೆ, ಆಟ ಅಂತ ಹೇಳಿ ಮಗ್ಗಿ ಬಾಯಿಪಾಠ ಬೇಡ ಅನ್ನುವ ಥರ ಮಾತು ಬರುತ್ತಿದೆ, ಅದು ನನಗೆ ಒಪ್ಪಿಗೆ ಇಲ್ಲ. ನಾನು ದೊಡ್ಡ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಉದ್ದ ಭಾಗಾಕಾರ ಮಾಡುವಾಗ ಪ್ರತಿ ಹೆಜ್ಜೆಗೂ ಚುಕ್ಕೆ ಬರೆಯುತ್ತಾ ಕೂತರೆ ಮಗು ಎಲ್ಲಿದ್ದೆ ಅನ್ನುವುದನ್ನೇ ಮರೆಯುತ್ತದೆ. ಭಿನ್ನರಾಶಿಗೆ ಬಂದರೆ ಇನ್ನೂ ಕಷ್ಟ. 24/56ನ್ನು ಸುಲಭ ರೂಪಕ್ಕೆ ತರಬೇಕಾದರೆ ಎರಡೂ 8ರ ಮಗ್ಗಿಯಲ್ಲಿವೆ ಅಂತ ಕಣ್ಣಿಗೆ ಹೊಳೆಯಬೇಕು. ಹೊಳೆಯದ ಮಕ್ಕಳು ಎರಡರಿಂದ, ಮತ್ತೆ ಎರಡರಿಂದ, ಮತ್ತೆ ಎರಡರಿಂದ ಭಾಗಿಸುತ್ತಾ ಹೋಗುತ್ತಾರೆ. ಮಗ್ಗಿ ಬಾಯಲ್ಲಿ ಇರಲೇಬೇಕು. ಹಳೆಯ ಪದ್ಧತಿ ಸುಮ್ನೆ ಬಂದದ್ದಲ್ಲ.

ಉತ್ತರ 4 (ಪ್ರೈಮರಿ ಟೀಚರ್)

ಬೇಡ ಅಂತ ನಾನು ಹೇಳಲಿಲ್ಲವಲ್ಲ! ಬಾಯಲ್ಲಿ ಇರಬೇಕು ಅನ್ನುವುದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ನಿಮ್ಮ 24/56 ಉದಾಹರಣೆ ಬಹಳ ಚೆನ್ನಾಗಿದೆ, ಎತ್ತಿಟ್ಟುಕೊಳ್ಳುತ್ತೇನೆ. ನನ್ನ ತಕರಾರು ಸಾಲಾಗಿ ಹಾಡುವುದರ ಬಗ್ಗೆ. 24, 56 ನೋಡಿದಾಗ 8 ಹೊಳೆಯಬೇಕಾದರೆ ಉತ್ತರದಿಂದ ಹಿಂದಕ್ಕೆ ಬರಬೇಕು. ಎಂಟೊಂದ್ಲ ಎಂಟರಿಂದ ಹಾಡುವ ಮಗುವಿಗೆ ಆ ಕಡೆಯಿಂದ ದಾರಿ ಇಲ್ಲ. ಅದಕ್ಕೇ ಚೀಟಿಯನ್ನು ತಿರುಗಿಸಿಯೂ ಕೇಳಬೇಕು. 56 ತೋರಿಸಿ "ಇದು ಯಾವೆರಡರಿಂದ ಬಂತು?" ಅಂತ. 24 ಆದರೆ 3×8, 4×6, ಎರಡೂ ಹೇಳಬೇಕು. ಚುಕ್ಕೆ ಚಿತ್ರ ಶುರುವಿನಲ್ಲಿ ಮಾತ್ರ. ಐದನೇ ಕ್ಲಾಸಿನಲ್ಲೂ ಚುಕ್ಕೆ ಬರೆಯುತ್ತಿದ್ದರೆ ನನಗೂ ಚಿಂತೆಯೇ.

ಉತ್ತರ 5 (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಥ್ಯಾಂಕ್ಸ್. ಪುಟ ನಿಲ್ಲಿಸಿದ್ದೇನೆ ಅಂತ ಹೇಳಿದಾಗ ಮಗಳು ನಂಬಲಿಲ್ಲ, ಪುಸ್ತಕ ಎಲ್ಲಿ ಬಚ್ಚಿಟ್ಟಿದ್ದೀಯ ಅಂತ ಕೇಳಿದಳು.

"ಹೇಗೆ ಮಾಡಿದೆ, ಹೇಳಿಕೊಡು" ಅಂತ 52 − 27 ಮುಂದಿಟ್ಟೆ. ಅವಳ ಉತ್ತರ ಇದು: "ಎರಡರಿಂದ ಏಳು ಹೋಗಲ್ಲ ಅಲ್ವಾ, ಅದಕ್ಕೆ ಏಳರಿಂದ ಎರಡು ಕಳೆದೆ. ಕೂಡುವಾಗ ಹಿಂದುಮುಂದಾದರೂ ಒಂದೇ ಅಂತ ನೀನೇ ಹೇಳಿದ್ದೆ." ನನ್ನ ಹತ್ತಿರ ಮಾತಿರಲಿಲ್ಲ. ಇಷ್ಟು ದಿನ ಗಮನ ಇಲ್ಲ ಅಂತ ಬೈಸಿಕೊಂಡ ಹುಡುಗಿಯ ಹತ್ತಿರ ಕಾರಣ ರೆಡಿ ಇತ್ತು, ಯಾರೂ ಕೇಳಿರಲಿಲ್ಲ.

ಕಡ್ಡಿಯಲ್ಲಿ ಮಾಡಿದೆವು. ಕಟ್ಟು ಬಿಚ್ಚಲಾ ಅಂತ ಕೇಳಲಿಲ್ಲ, ಸೀದಾ ಬಿಚ್ಚಿದಳು. ಎರಡಂಕಿಯದ್ದು ಈಗ ಕಾಗದದ ಮೇಲೂ ಬರುತ್ತಿದೆ. 403 − 168 ಚಿತ್ರದಲ್ಲಿ ಬರುತ್ತದೆ, ಬರೆಯುವಾಗ ಆ ಸೊನ್ನೆ ಹತ್ತಿರ ನಿಂತುಬಿಡುತ್ತಾಳೆ. ಇದಕ್ಕೆ ಬೇರೆ ದಾರಿ ಇದೆಯಾ?

ಇನ್ನೆರಡು ವಿಷಯ. ಆಪ್ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಅವಳ ಅಪ್ಪ ಅವಳ ಮುಂದೆಯೇ "ಬಿಡು, ನನಗೂ ಲೆಕ್ಕ ಹತ್ತುತ್ತಿರಲಿಲ್ಲ" ಅನ್ನುತ್ತಾರೆ. ಸಮಾಧಾನಕ್ಕೆ ಹೇಳುವುದು, ಆದರೂ ನನಗೆ ಕಿರಿಕಿರಿ.

ಉತ್ತರ 6

ನಡುವೆ ಬಾಯಿ ಹಾಕುತ್ತಿದ್ದೇನೆ. ಹಿಂದುಮುಂದಾದರೂ ಒಂದೇ ಅನ್ನುವ ಮಾತು ಓದಿ ನೆನಪಾಯಿತು. ಮಗಳಿಗೆ ಇದನ್ನು ಕೊಟ್ಟು ನೋಡಿ: 8 + 4 = □ + 5. ಬಹಳ ಮಕ್ಕಳು ಚೌಕದಲ್ಲಿ 12 ಬರೆಯುತ್ತಾರೆ, ಕೆಲವರು ಎಲ್ಲ ಕೂಡಿ 17. ಸರಿ ಉತ್ತರ 7. ಮಕ್ಕಳಿಗೆ ಸಮ ಚಿಹ್ನೆ ಅಂದರೆ "ಈಗ ಉತ್ತರ ಬರೆ" ಅಂತ ಮಾತ್ರ ಅರ್ಥ. ಈ ಚಿಹ್ನೆಯನ್ನು 1557ರಲ್ಲಿ ತಂದ ರಾಬರ್ಟ್ ರೆಕಾರ್ಡ್ ಒಂದೇ ಉದ್ದದ ಎರಡು ಗೆರೆ ಆರಿಸಿದ್ದೇ ಅವಕ್ಕಿಂತ ಸಮ ಇನ್ಯಾವುದೂ ಇಲ್ಲ ಅಂತ. ನನ್ನ ಮಗನಿಗೆ 7 = 3 + 4 ಅಂತ ತಿರುಗಿಸಿ ಬರೆದರೆ "ಇದು ಉಲ್ಟಾ, ತಪ್ಪು" ಅಂತ ಜಗಳಕ್ಕೇ ಬಂದಿದ್ದ.

ಉತ್ತರ 7 (ಪ್ರೈಮರಿ ಟೀಚರ್)

ಉತ್ತರ 6 ಬರೆದವರಿಗೆ ಒಂದು ನಮಸ್ಕಾರ, ಆ ಪ್ರಶ್ನೆ ದೊಡ್ಡ ಕ್ಲಾಸಿನ ಬೀಜಗಣಿತಕ್ಕೂ ಬೇಕು.

"ಕೂಡುವಾಗ ಹಿಂದುಮುಂದಾದರೂ ಒಂದೇ" ಅನ್ನುವುದು ನೀವು ಹೇಳಿದ್ದು ಸರಿಯೇ. ಅವಳು ಅದನ್ನು ಕಳೆಯುವುದಕ್ಕೂ ತಂದಳು. ಯೋಚನೆ ಮಾಡುವ ಮಗು ಮಾಡುವ ಕೆಲಸವೇ ಇದು. ಕೈಯಲ್ಲಿ ಎರಡು ಕಡ್ಡಿ ಇಟ್ಟು ಏಳು ಕೇಳಿ, ಏಳು ಇಟ್ಟು ಎರಡು ಕೇಳಿ. ಎರಡೂ ಒಂದೇನಾ ಅಂತ ಅವಳೇ ಹೇಳಲಿ.

403 − 168ಕ್ಕೆ ಸೊನ್ನೆಯ ಹತ್ತಿರವೇ ಹೋಗದ ಎರಡು ದಾರಿ ಇವೆ. ಒಂದು, ಹಿಂದಕ್ಕೆ ಕಳೆಯುವ ಬದಲು ಮುಂದಕ್ಕೆ ನಡೆಯುವುದು. ಒಂದು ಖಾಲಿ ಗೆರೆ ಎಳೆಸಿ, ಎಡಕ್ಕೆ 168, ಬಲಕ್ಕೆ 403. 168ರಿಂದ 170ಕ್ಕೆ 2 ಹೆಜ್ಜೆ. ಅಲ್ಲಿಂದ 200ಕ್ಕೆ 30. ಅಲ್ಲಿಂದ 400ಕ್ಕೆ 200. ಕೊನೆಗೆ 3. ಒಟ್ಟು 235. ಇನ್ನೊಂದು ನನಗೆ ಬಹಳ ಇಷ್ಟ. ಎರಡೂ ಸಂಖ್ಯೆಯನ್ನು ಒಟ್ಟಿಗೆ 4 ಹಿಂದಕ್ಕೆ ಸರಿಸಿ. 403 ಹೋಗಿ 399 ಆಯಿತು, 168 ಹೋಗಿ 164 ಆಯಿತು. ನಡುವಿನ ಅಂತರ ಬದಲಾಗಲಿಲ್ಲ. 399 − 164 ಮಾಡಲು ಯಾವ ಸಾಲವೂ ಬೇಡ! ಆದರೆ ಸೂತ್ರದ ಥರ ಹೇಳಿಕೊಡಬೇಡಿ. ಮೊದಲು 10 − 6, 9 − 5, 8 − 4 ಬರೆಸಿ, ಉತ್ತರ ಯಾಕೆ ಬದಲಾಗುತ್ತಿಲ್ಲ ಅಂತ ಕೇಳಿ. ಅವಳ ವಯಸ್ಸಿನವರು ಇಲ್ಲಿ ಖುಷಿಯಿಂದ ಕಿರುಚುತ್ತಾರೆ.

ಆಪ್: ಬೇಡ ಅನ್ನುವುದಿಲ್ಲ, ಆದರೆ ಜಾಸ್ತಿ ಆಪ್‌ಗಳು ಸರಿ ಅಥವಾ ತಪ್ಪು ಅಂತ ಮಾತ್ರ ಹೇಳುತ್ತವೆ. 35 ಅಂತ ಒತ್ತಿದರೆ ಕೆಂಪು ಗುರುತು, ಮುಂದಿನ ಲೆಕ್ಕ. 35 ಯಾಕೆ ಅಂತ ಅದು ಕೇಳುವುದಿಲ್ಲ. ಮಗ್ಗಿಯ ಚೀಟಿ ಆಟಕ್ಕೆ ಪರವಾಗಿಲ್ಲ, ಅದರಲ್ಲೂ ಟೈಮರ್ ಆಫ್ ಮಾಡಲು ಬರುವಂಥದ್ದು ನೋಡಿ. ಗಡಿಯಾರ ಓಡುತ್ತಿದ್ದರೆ ಗೊತ್ತಿರುವ ಮಗುವೂ ಊಹೆ ಮಾಡಿ ಒತ್ತಲು ಶುರು ಮಾಡುತ್ತದೆ. ವೇಗ ಆಮೇಲೆ ತಾನಾಗಿ ಬರುತ್ತದೆ.

ಅವಳ ಅಪ್ಪನ ವಿಷಯದಲ್ಲಿ ನಿಮ್ಮ ಕಿರಿಕಿರಿ ಸರಿಯಾಗೇ ಇದೆ. 2015ರಲ್ಲಿ ಅಮೆರಿಕದಲ್ಲಿ ಒಂದು, ಎರಡನೇ ಕ್ಲಾಸಿನ ಮಕ್ಕಳ ಬಗ್ಗೆ ಒಂದು ಅಧ್ಯಯನ ಬಂತು. ಲೆಕ್ಕದ ಭಯ ಇರುವ ತಂದೆ ತಾಯಿ ಹೋಂವರ್ಕಿಗೆ ಪದೇ ಪದೇ ಕೂತರೆ ಆ ಮಕ್ಕಳು ವರ್ಷದ ಕೊನೆಗೆ ಲೆಕ್ಕದಲ್ಲಿ ಕಡಿಮೆ ಕಲಿತಿದ್ದರು, ಭಯ ಜಾಸ್ತಿ ಆಗಿತ್ತು. ಅವರನ್ನು ಹೋಂವರ್ಕಿನಿಂದ ಬಿಡಿಸಿ ದಾಳದ ಆಟಕ್ಕೆ ಕೂರಿಸಿ. ಅಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. "ನನಗೂ ಹತ್ತುತ್ತಿರಲಿಲ್ಲ" ಅನ್ನುವ ಬದಲು "ನನಗೂ ಇದು ಗೊತ್ತಿಲ್ಲ, ಹೇಗೆ ಮಾಡಿದೆ ತೋರಿಸು" ಅಂದರೆ ಸಾಕು.

ಸೊನ್ನೆಯ ಭಯ ಹೋಗಿದೆಯಾ ಅಂತ ನೋಡಬೇಕಾದರೆ ಮುಂದಿನ ವಾರ 600 − 237 ಕೊಡಿ. ಯಾವ ದಾರಿ ಹಿಡಿಯಬೇಕು ಅಂತ ಹೇಳಬೇಡಿ. ಅವಳು ಏನು ಬರೆದಳೋ ಹಾಗೇ ಇಲ್ಲಿ ಹಾಕಿ, ಸರಿ ಇದ್ದರೂ ಹಾಕಿ. ಗೀಚಿದ್ದು, ಹೊಡೆದು ಹಾಕಿದ್ದು ಎಲ್ಲ ಇರಲಿ.